ಸುಗಂಧರಾಜದ ಗಡ್ಡೆ: ಅದರ ರೋಗಗಳೂ ರಕ್ಷಣೆಯೂ

ಬೀಜದಿಂದ ಬೆಳೆಯುವ ಪೈರಿಗೂ ಗಡ್ಡೆಯಿಂದ ಬೆಳೆಯುವ ಪೈರಿಗೂ ಒಂದು ಮುಖ್ಯವಾದ ಭೇದವುಂಟು. ರಾಗಿಯ ಕಾಳು ತಾಯಿಗಿಡದಿಂದ ಬೇರ್ಪಟ್ಟ ಹೊಸ ಜೀವ. ತಾಯಿಯನ್ನು ಕಾಡಿದ ಬೇನೆಗಳಲ್ಲಿ ಅನೇಕವು ಕಾಳಿನವರೆಗೆ ಬರುವುದಿಲ್ಲ. ಗಡ್ಡೆಯಾದರೋ ಹಾಗಲ್ಲ. ಅದು ತಾಯಿಯ ದೇಹದ್ದೇ ಒಂದು ತುಂಡು. ತಾಯಿಯ ಗುಣ ಹೇಗೆ ಅದರಲ್ಲಿ ಸ್ವಲ್ಪವೂ ಮಾರ್ಪಡದೆ ಇಳಿದು ಬರುತ್ತದೆಯೋ ಹಾಗೆಯೇ ತಾಯಿಯ ರೋಗವೂ ಇಳಿದು ಬರುತ್ತದೆ. ಗಡ್ಡೆಯನ್ನು ಕೊಳ್ಳುವವನು ಗಿಡವನ್ನು ಕೊಳ್ಳುವುದಲ್ಲದೆ, ಆ ಗಿಡದ ಪೂರ್ವಚರಿತ್ರೆಯನ್ನೂ ಕೊಂಡು ತನ್ನ ಹೊಲಕ್ಕೆ ತರುತ್ತಾನೆ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕು ತಾಲ್ಲೂಕುಗಳ ಜನರಿಗೆ ಇದು ಹೊಸ ಮಾತೇನೂ ಆಗಬಾರದು. ಆಲೂಗೆಡ್ಡೆ, ಈರುಳ್ಳಿಗಳನ್ನು ಬೆಳೆದು ನೆಲದಡಿಯ ಬೆಳೆಯ ಕಷ್ಟಸುಖಗಳನ್ನು ಕಂಡವರು ನಾವು. ಆದರೆ ಹೂವಿನ ವಿಷಯದಲ್ಲಿ ನಮ್ಮ ಗಮನವೆಲ್ಲ ನೆಲದ ಮೇಲಿನ ಭಾಗಕ್ಕೆ ಹೋಗುತ್ತದೆ. ನೆಲದಡಿಯ ಗಡ್ಡೆ ಮರೆತುಹೋಗುತ್ತದೆ. ನಮ್ಮ ಕಾಲೇಜಿನ ಮಿತ್ರರಲ್ಲಿ ಬಹುಮಂದಿ ಬೇಸಾಯದ ಮನೆಗಳಿಂದ ಬಂದವರಾದುದರಿಂದ, ಗಡ್ಡೆಯ ಹೂಗಳಿಗೆ ಬರುವ ರೋಗಗಳನ್ನೂ, ಗಡ್ಡೆಗಳನ್ನು ಅಗೆದು ಕಾಪಾಡುವ ಕ್ರಮವನ್ನೂ ಇಲ್ಲಿ ಸ್ವಲ್ಪ ವಿವರವಾಗಿ ನೋಡುವುದು ಉಚಿತವಾದೀತು.

ಲಿಲ್ಲಿ ಎಂಬ ಹೆಸರು

ಗಡ್ಡೆಯಿಂದ ಹುಟ್ಟಿ ಸೊಗಸಾಗಿ ಅರಳುವ ಹೂವನ್ನೆಲ್ಲ ನಾವು 'ಲಿಲ್ಲಿ' ಎಂದು ಕರೆದುಬಿಡುತ್ತೇವೆ. ಮೊದಲ ಮಳೆ ಬಿದ್ದೊಡನೆ ಅಂಗಳದಲ್ಲಿ ಅರಳುವ ಮಳೆಲಿಲ್ಲಿ, ದೇವಸ್ಥಾನದ ತೋಟದ ಬಿಳಿಯ ಜೇಡಲಿಲ್ಲಿ, ಕುಂಡದಲ್ಲಿ ಬೆಳೆಯುವ ಕೆಂಪು ಲಿಲ್ಲಿ ಇವುಗಳಲ್ಲಿ ಯಾವುದೂ ಸಸ್ಯಶಾಸ್ತ್ರದ ಪ್ರಕಾರ ನಿಜವಾದ ಲಿಲ್ಲಿಯಲ್ಲ. ನಿಜವಾದ ಲಿಲ್ಲಿ ಎಂದರೆ ಲಿಲಿಯಮ್ ಎಂಬ ಕುಲಕ್ಕೆ ಸೇರಿದ್ದು. ದಕ್ಷಿಣ ಭಾರತದಲ್ಲಿ ತಾನೇ ತಾನಾಗಿ ಬೆಳೆಯುವ ನಿಜವಾದ ಲಿಲ್ಲಿ ನೀಲಗಿರಿ ಮತ್ತು ಪಶ್ಚಿಮ ಘಟ್ಟದ ಎತ್ತರದ ಹುಲ್ಲುಗಾವಲುಗಳ ಬಿಳಿಯ ನೀಲಗಿರಿ ಲಿಲ್ಲಿ. ನಮ್ಮ ಬೇಲಿಗಳಲ್ಲಿಯೂ ಕುರುಚಲು ಕಾಡುಗಳಲ್ಲಿಯೂ ಮಳೆಗಾಲದಲ್ಲಿ ಬೆಂಕಿಯ ನಾಲಗೆಯಂತೆ ಅರಳುವ ಗೌರಿ ಹೂವು, ಎಂದರೆ ಅಗ್ನಿಶಿಖೆ, ಲಿಲ್ಲಿಯ ದೂರದ ನೆಂಟ.

ನಮ್ಮ ಸೀಮೆಯ ರೈತನಿಗೆ ಹಣ ತರುವ ಗಡ್ಡೆಯ ಹೂವು ಇವಾವುವೂ ಅಲ್ಲ, ಅದು ಸುಗಂಧರಾಜ. ನಮ್ಮಲ್ಲಿ ತೆಲುಗು ಮಾತನಾಡುವವರು ಇದನ್ನು ನೇಲಸಂಪೆಂಗ ಎನ್ನುತ್ತಾರೆ. ಉತ್ತರದಲ್ಲಿ ರಜನೀಗಂಧ ಎಂದು ಇದಕ್ಕೆ ಹೆಸರು. ಇಷ್ಟು ಹೆಸರುಗಳನ್ನು ಸಂಪಾದಿಸಿಕೊಂಡಿದ್ದರೂ ಇದು ನಮ್ಮ ನೆಲದಲ್ಲಿ ಹುಟ್ಟಿದ ಗಿಡವಲ್ಲ. ಇದರ ತವರು ಮೆಕ್ಸಿಕೊ. ಅಲ್ಲಿನ ಅಜ್‌ಟೆಕ್ ಜನ ಇದನ್ನು ತಮ್ಮ ಭಾಷೆಯಲ್ಲಿ 'ಮೂಳೆಯ ಹೂವು' ಎಂಬರ್ಥದ ಹೆಸರಿನಿಂದ ಕರೆಯುತ್ತಿದ್ದರು. ಆ ಬಿಳುಪನ್ನು ನೋಡಿದವರಿಗೆ ಹೆಸರು ಸರಿಯಾಗಿಯೇ ತೋರುತ್ತದೆ. ಹಿಂದೆ ಇದನ್ನು ಲಿಲ್ಲಿಯ ಬಳಗಕ್ಕೇ ಸೇರಿಸಿದ್ದುಂಟು. ಈಗಿನ ಸಸ್ಯಶಾಸ್ತ್ರಜ್ಞರು ಇದನ್ನು ಕತ್ತಾಳೆಯ ಕುಲದಲ್ಲಿ ಇರಿಸಿದ್ದಾರೆ. ವಂಶ ಬೇರೆಯಾದರೂ ಬಾಳುವ ರೀತಿ ಒಂದೇ: ಗಡ್ಡೆಯಲ್ಲಿ ಆಹಾರವನ್ನು ಕೂಡಿಟ್ಟು, ಕೆಟ್ಟ ಕಾಲದಲ್ಲಿ ನಿದ್ರಿಸಿ, ಒಳ್ಳೆಯ ಕಾಲ ಬಂದಾಗ ಹೂವಾಗುವುದು. ಆದುದರಿಂದ ಎರಡಕ್ಕೂ ಬರುವ ಕಷ್ಟಗಳಲ್ಲಿ ಬಹಳ ಹೋಲಿಕೆಯುಂಟು.

ಸುಗಂಧರಾಜದಲ್ಲಿ ಒಂದೇ ಸುತ್ತು ದಳಗಳಿರುವ ಜಾತಿ, ಹಲವು ಸುತ್ತು ದಳಗಳಿರುವ ಜಾತಿ ಎಂದು ಮುಖ್ಯವಾಗಿ ಎರಡು ಬಗೆ. ಒಂದು ಸುತ್ತಿನದಕ್ಕೆ ಪರಿಮಳ ಹೆಚ್ಚು. ಹಾರಕ್ಕೂ ಸುಗಂಧತೈಲಕ್ಕೂ ಅದೇ ಬೇಕು. ಹಲವು ಸುತ್ತಿನದು ಕಡ್ಡಿಯ ಸಮೇತ ಕತ್ತರಿಸಿ ಹೂದಾನಿಯಲ್ಲಿಡುವುದಕ್ಕೆ ಯೋಗ್ಯವಾದುದು. 1967ರಲ್ಲಿ ಸ್ಥಾಪಿತವಾಗಿ ಹೆಸರಘಟ್ಟದಲ್ಲಿ ನೆಲೆಸಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಶೃಂಗಾರ್, ಸುವಾಸಿನಿ, ಪ್ರಜ್ವಲ್, ವೈಭವ್, ಅರ್ಕ ನಿರಂತರ ಮೊದಲಾದ ತಳಿಗಳನ್ನು ಬಿಡುಗಡೆ ಮಾಡಿದ್ದಾರೆ. ಇವುಗಳಲ್ಲಿ ಶೃಂಗಾರ್ ತಳಿಯ ಒಂದು ಗುಣವನ್ನು ಮುಂದೆ ಪ್ರಸ್ತಾಪಿಸಬೇಕಾಗಿದೆ.

ಗಡ್ಡೆಯ ರಚನೆ

ಒಂದು ಈರುಳ್ಳಿಯನ್ನು ಉದ್ದಕ್ಕೆ ಸೀಳಿ ನೋಡಿದರೆ ಈ ವಿಷಯ ಅರ್ಧ ತಿಳಿದಂತೆಯೇ. ಕೆಳಗೆ ಬಿಲ್ಲೆಯಂತೆ ಗಟ್ಟಿಯಾದ ಒಂದು ಭಾಗ. ಅದೇ ನಿಜವಾದ ಕಾಂಡ. ಅದರ ಅಡಿಯಿಂದ ಬೇರು, ಮೇಲಿನಿಂದ ಎಲೆ. ಆಹಾರವನ್ನು ತುಂಬಿಕೊಂಡು ದಪ್ಪವಾದ ಎಲೆಗಳೇ ನಾವು ತಿನ್ನುವ ಪದರಗಳು. ಹೊರಗಿನ ಒಣಸಿಪ್ಪೆ ಒಳಗಿನ ತೇವವನ್ನು ಕಾಯುತ್ತದೆ.

ನಿಜವಾದ ಲಿಲ್ಲಿಯ ಗಡ್ಡೆಗೆ ಈ ಒಣಸಿಪ್ಪೆಯಿಲ್ಲ. ಮೀನಿನ ಹುರುಪೆಯಂತೆ ಒಂದರ ಮೇಲೊಂದು ಬಿಡಿಬಿಡಿಯಾಗಿ ಕೂತ ಎಸಳುಗಳ ಗುಂಪು ಅದು. ಹೊದಿಕೆಯಿಲ್ಲದ ಕಾರಣ ಗಾಳಿಗೆ ಬಿಟ್ಟರೆ ಬೇಗ ಬಾಡುತ್ತದೆ; ಸ್ವಲ್ಪ ತಾಕಿದರೂ ಎಸಳು ಮುರಿದು ಗಾಯವಾಗುತ್ತದೆ. ಸುಗಂಧರಾಜದ ಗಡ್ಡೆ ಇವೆರಡರ ನಡುವಣದು. ಹೊರಗೆ ಒಣಗಿದ ಎಲೆಬುಡಗಳ ಹೊದಿಕೆ, ಒಳಗೆ ಗಟ್ಟಿಯಾದ ಕದಿರಿನಾಕಾರದ ಗಡ್ಡೆ, ಸುತ್ತಲೂ ಅಂಟಿಕೊಂಡ ಹಲವು ಮರಿಗಡ್ಡೆಗಳು. ಇದರಲ್ಲಿ ನೆನಪಿಡತಕ್ಕ ಅಂಶವೊಂದಿದೆ: ಒಂದು ಗಡ್ಡೆ ಒಮ್ಮೆ ಹೂಬಿಟ್ಟ ಮೇಲೆ ಮತ್ತೆ ಹೂಬಿಡುವುದಿಲ್ಲ. ಮುಂದಿನ ಹೂವು ಬರಬೇಕಾದುದು ಮರಿಗಡ್ಡೆಗಳಿಂದಲೇ. ಬಾಳೆಯ ಸಂಸಾರದಂತೆಯೇ ಇದರ ಸಂಸಾರವೂ. ತಾಯಿಯ ಕೆಲಸ ಮುಗಿಯಿತು. ಮಕ್ಕಳು ಆರೋಗ್ಯವಾಗಿದ್ದರೆ ವಂಶ ಉಳಿಯಿತು.

ಲೆಕ್ಕದ ಮಾತು

ರೋಗದ ವಿಷಯಕ್ಕೆ ಬರುವ ಮೊದಲು ಒಂದು ಸಣ್ಣ ಲೆಕ್ಕವನ್ನು ಮಾಡೋಣ. ಸಾಲಿನಿಂದ ಸಾಲಿಗೂ ಗಿಡದಿಂದ ಗಿಡಕ್ಕೂ 30 ಸೆಂಟಿಮೀಟರ್ ಬಿಟ್ಟು ನೆಟ್ಟರೆ ಒಂದು ಎಕರೆಗೆ ಸುಮಾರು 45,000 ಗಡ್ಡೆಗಳು ಬೇಕು. ನೂರಕ್ಕೆ ಒಂದು ಗಡ್ಡೆ ಮಾತ್ರ ರೋಗದ್ದು ಎಂದಿಟ್ಟುಕೊಳ್ಳೋಣ. ನೂರಕ್ಕೆ ಒಂದು ಎಂಬುದು ಕೇಳುವುದಕ್ಕೆ ಅಲ್ಪವಾಗಿದೆ. ಆದರೆ ಒಂದು ಎಕರೆಯಲ್ಲಿ ಅದು 450 ಕಡೆ ರೋಗವನ್ನು ನಾವೇ ಕೈಯಾರ ನೆಟ್ಟಂತಾಯಿತು. ಈ ಬೆಳೆಯನ್ನು ಒಮ್ಮೆ ನೆಟ್ಟು ಸಾಮಾನ್ಯವಾಗಿ ಮೂರು ವರ್ಷ ಭೂಮಿಯಲ್ಲಿ ಬಿಡುವುದರಿಂದ ಆ 450 ತಾಣಗಳಿಗೆ ಹರಡುವುದಕ್ಕೆ ಮೂರು ವರ್ಷದ ಅವಕಾಶವೂ ದೊರೆಯುತ್ತದೆ. ಕೊಳವೆಬಾವಿಯ ನೀರಿಗಾಗಿ ಸಾಲಮಾಡಿದ ರೈತನಿಗೆ ಮೂರು ವರ್ಷದ ಬೆಳೆ ಕೈಕೊಟ್ಟರೆ ಅದು ಒಂದು ಫಸಲಿನ ನಷ್ಟವಲ್ಲ; ಮನೆಯ ಮಕ್ಕಳ ಓದು, ಮದುವೆ ಎಲ್ಲವೂ ಅದರ ಹಿಂದೆ ನಿಲ್ಲುತ್ತವೆ.

ಬುಡಕೊಳೆ

ಸುಗಂಧರಾಜದ ರೋಗಗಳಲ್ಲಿ ಸುಲಭವಾಗಿ ಕಣ್ಣಿಗೆ ಬೀಳುವುದು ಬುಡಕೊಳೆ. ಎಲೆಗಳು ತಮ್ಮ ಹಸುರನ್ನು ಕಳೆದುಕೊಂಡು ಸಡಿಲವಾಗುತ್ತವೆ. ಮೆಲ್ಲಗೆ ಎಳೆದರೆ ಬುಡದಿಂದ ಕಳಚಿ ಕೈಗೇ ಬರುತ್ತವೆ. ನೆಲದ ಮಟ್ಟದಲ್ಲಿ ಹತ್ತಿಯ ಎಳೆಯಂಥ ಬಿಳಿಯ ಬೂಷ್ಟು ಕಾಣುತ್ತದೆ. ಅದರ ನಡುವೆ ಸಾಸಿವೆ ಕಾಳಿನಂಥ ಕಂದುಬಣ್ಣದ ಗುಂಡುಗಳು. ಈ ಗುಂಡುಗಳೇ ರೋಗದ ಬೀಜ.

ಇದಕ್ಕೆ ಕಾರಣವಾದ ಶಿಲೀಂಧ್ರದ ಹೆಸರು ಸ್ಕ್ಲೀರೋಶಿಯಮ್ ರಾಲ್ಫ್ಸೀ. 1892ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಪೀಟರ್ ರಾಲ್ಫ್ಸ್ ಎಂಬ ವಿಜ್ಞಾನಿ ಇದನ್ನು ಟೊಮ್ಯಾಟೊ ಗಿಡದಲ್ಲಿ ಗುರುತಿಸಿದನು. ಅವನ ಹೆಸರೇ ಇದಕ್ಕೆ ನಿಂತಿತು. ನೂರಾರು ಜಾತಿಯ ಗಿಡಗಳ ಮೇಲೆ ಬದುಕಬಲ್ಲ ಶಿಲೀಂಧ್ರವಿದು. ಕಡಲೆಕಾಯಿ ಗಿಡದ ಬುಡ ಕೊಳೆತು ಗಿಡ ಒಣಗುವುದನ್ನು ಗೌರಿಬಿದನೂರು, ಚಿಂತಾಮಣಿ ಕಡೆಯವರು ಕಂಡಿರಬಹುದು. ಅಲ್ಲಿಯೂ ಇದೇ ಶತ್ರು. ಆದುದರಿಂದ ಕಡಲೆಕಾಯಿಯೋ ಟೊಮ್ಯಾಟೊವೋ ಬುಡಕೊಳೆತು ಸತ್ತ ಹೊಲದಲ್ಲಿ ಒಡನೆಯೇ ಸುಗಂಧರಾಜವನ್ನು ನೆಡುವುದು ವಿವೇಕವಲ್ಲ.

ಆ ಕಂದು ಗುಂಡುಗಳು ಮಣ್ಣಿನಲ್ಲಿ ವರ್ಷಗಟ್ಟಳೆ ಜೀವ ಹಿಡಿದಿರುತ್ತವೆ. ಆದರೆ ಅವಕ್ಕೂ ಒಂದು ದೌರ್ಬಲ್ಯವುಂಟು: ಮೊಳೆಯಬೇಕಾದರೆ ಗಾಳಿ ಬೇಕು. ಆಳವಾಗಿ ಉತ್ತು ಅವನ್ನು ಕೆಳಗೆ ಹೂತರೆ ಮೊಳೆಯಲಾರವು. ಬೇಸಿಗೆಯಲ್ಲಿ ಮಣ್ಣನ್ನು ತೇವಮಾಡಿ ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ ಕೆಲವು ವಾರ ಬಿಟ್ಟರೆ ಬಿಸಿಲ ಕಾವಿಗೆ ಮೇಲುಮಣ್ಣಿನಲ್ಲಿರುವ ಅನೇಕವು ಸಾಯುತ್ತವೆ. ಟ್ರೈಕೋಡರ್ಮ ಎಂಬುದು ಶಿಲೀಂಧ್ರವನ್ನೇ ತಿನ್ನುವ ಶಿಲೀಂಧ್ರ. ಅದನ್ನು ಚೆನ್ನಾಗಿ ಕಳಿತ ಗೊಬ್ಬರದೊಡನೆ ಬೆರೆಸಿ ಸಾಲಿಗೆ ಹಾಕುವುದು ಈಗ ರೂಢಿಗೆ ಬಂದಿದೆ. ರೋಗ ಹತ್ತಿದ ಗಿಡವನ್ನು ಸುತ್ತಣ ಮಣ್ಣಿನ ಸಮೇತ ಎತ್ತಿ ದೂರ ಸಾಗಿಸಬೇಕು. ಕಿತ್ತು ಬದುವಿನ ಮೇಲೆ ಎಸೆಯಕೂಡದು. ಬದುವಿನಿಂದ ಮಳೆಯ ನೀರು ಆ ಗುಂಡುಗಳನ್ನು ಮತ್ತೆ ಹೊಲಕ್ಕೇ ತರುತ್ತದೆ.

ಎಲೆಚುಕ್ಕೆ ಮತ್ತು ಬೂದು ಬೂಷ್ಟು

ಎಲೆಯ ನಡುನರದ ಮೇಲೆ ಕಂದುಬಣ್ಣದ ಚುಕ್ಕೆಗಳು ಬಿದ್ದು, ಸುತ್ತುಸುತ್ತಾಗಿ ದೊಡ್ಡದಾಗಿ, ಹೂಕಡ್ಡಿಗೂ ಹರಡುವುದು ಆಲ್ಟರ್ನೇರಿಯ ಎಂಬ ಶಿಲೀಂಧ್ರದ ಕೆಲಸ. ಇನ್ನೊಂದು, ಮೋಡ ಮುಸುಕಿದ ತಂಪು ದಿನಗಳಲ್ಲಿ ಎಲೆ ಹೂಗಳ ಮೇಲೆ ಕಾಣುವ ಬೊಟ್ರೈಟಿಸ್ ಎಂಬ ಬೂದು ಬೂಷ್ಟು. ಬೊಟ್ರೈಟಿಸ್ ಪ್ರಪಂಚದಾದ್ಯಂತ ನಿಜವಾದ ಲಿಲ್ಲಿಗಳಿಗೂ ಮುಖ್ಯ ಶತ್ರು. ಎಲೆಯ ಮೇಲೆ ನೀರು ನಿಂತಂಥ ಚುಕ್ಕೆಯಾಗಿ ತೊಡಗಿ ತಂಪು ತೇವಗಳಿರುವಾಗ ಕೆಲವೇ ದಿನಗಳಲ್ಲಿ ಇಡೀ ಗಿಡವನ್ನು ಬೋಳುಮಾಡುತ್ತದೆ.

ಈ ಲಿಲ್ಲಿ ರೋಗಕ್ಕೆ ವಿಜ್ಞಾನದ ಚರಿತ್ರೆಯಲ್ಲಿ ಗೌರವದ ಸ್ಥಾನವಿದೆ. ಇಂಗ್ಲೆಂಡಿನ ಮಾರ್ಷಲ್ ವಾರ್ಡ್ ಎಂಬ ಸಸ್ಯವಿಜ್ಞಾನಿ 1880ರ ಸುಮಾರಿನಲ್ಲಿ ಸಿಂಹಳಕ್ಕೆ ಹೋಗಿ ಅಲ್ಲಿನ ಕಾಫಿ ತೋಟಗಳನ್ನು ನಾಶಮಾಡುತ್ತಿದ್ದ ತುಕ್ಕುರೋಗವನ್ನು ಅಭ್ಯಾಸ ಮಾಡಿದವನು. ತಾಯ್ನಾಡಿಗೆ ಹಿಂದಿರುಗಿದ ಮೇಲೆ 1888ರಲ್ಲಿ ಅವನು ಲಿಲ್ಲಿಯ ಒಂದು ರೋಗವನ್ನು ಕುರಿತು ಲೇಖನವನ್ನು ಪ್ರಕಟಿಸಿದನು. ಶಿಲೀಂಧ್ರದ ಎಳೆಯ ತುದಿಯಿಂದ ಸಣ್ಣ ಹನಿಗಳು ಒಸರುವುದನ್ನೂ, ಆ ಹನಿಯೊಳಗಿನ ಪದಾರ್ಥವು ಗಿಡದ ಜೀವಕೋಶದ ಗೋಡೆಯನ್ನು ಕರಗಿಸಿ ಎಳೆಗೆ ದಾರಿ ಮಾಡಿಕೊಡುವುದನ್ನೂ ಅದರಲ್ಲಿ ತೋರಿಸಿದನು. ರೋಗವೆಂಬುದು ಗಿಡದ ಒಳಗಿನಿಂದಲೇ ತಾನಾಗಿ ಹುಟ್ಟುವ ಕೊಳೆತವಲ್ಲ, ಹೊರಗಿನಿಂದ ಬಂದು ಗೋಡೆ ಒಡೆಯುವ ಜೀವಿಯ ಕೆಲಸ ಎಂಬ ತಿಳಿವಳಿಕೆ ಇಂಥ ಅಭ್ಯಾಸಗಳಿಂದ ದೃಢವಾಯಿತು.

ಗೋಡೆ ಒಡೆಯಬೇಕಾದರೆ ಈ ಶಿಲೀಂಧ್ರಕ್ಕೆ ಎಲೆಯ ಮೇಲೆ ನೀರಿನ ಪಸೆ ಬೇಕು. ನಂದಿಬೆಟ್ಟದ ತಪ್ಪಲಿನಲ್ಲಿ ಚಳಿಗಾಲದ ಬೆಳಗ್ಗೆ ಮಂಜು ಬಹಳ ಹೊತ್ತು ನಿಲ್ಲುವುದರಿಂದ ಇದನ್ನು ವಿಶೇಷವಾಗಿ ಮನಸ್ಸಿನಲ್ಲಿಡಬೇಕು. ಗಿಡಗಳ ನಡುವೆ ಗಾಳಿ ಆಡುವಷ್ಟು ಜಾಗ ಬಿಡುವುದು, ಸಂಜೆ ಎಲೆಯ ಮೇಲೆ ನೀರು ಹಾರಿಸದೆ ಬುಡಕ್ಕೆ ಕೊಡುವುದು, ಒಣಗಿದ ಎಲೆ ಹೂಗಳನ್ನು ಆರಿಸಿ ತೆಗೆಯುವುದು ಈ ಮೂರರಿಂದಲೇ ಬಹುಪಾಲು ಕೆಲಸವಾಗುತ್ತದೆ. ಔಷಧಿಯ ಸಿಂಪಡಣೆ ಇವುಗಳ ಜೊತೆಗೆ ಬರಬೇಕಾದುದೇ ಹೊರತು ಇವುಗಳ ಬದಲಿಗೆ ಅಲ್ಲ.

ಕಣ್ಣಿಗೆ ಕಾಣದ ಹುಳು

ಇಷ್ಟು ಹೊತ್ತು ಹೇಳಿದ ರೋಗಗಳು ಕಣ್ಣಿಗೆ ಕಾಣುವಂಥವು. ಕಾಣದೆ ಕೆಡಿಸುವುದು ಜಂತುಹುಳು. ಬೇರುಗಂಟಿನ ಜಂತು ಮರಿಯಾಗಿದ್ದಾಗ ಅರ್ಧ ಮಿಲಿಮೀಟರ್ ಉದ್ದವೂ ಇರುವುದಿಲ್ಲ. ಬೇರಿನೊಳಗೆ ನುಗ್ಗಿ ಒಂದೇ ಕಡೆ ಕೂತುಬಿಡುತ್ತದೆ. ಸುತ್ತಣ ಜೀವಕೋಶಗಳು ಊದಿ ಗಂಟಾಗುತ್ತವೆ. ಗಿಡ ಹೀರಿದ ಆಹಾರ ಗಂಟಿನಲ್ಲಿಯೇ ನಿಲ್ಲುತ್ತದೆ. ಬೆಚ್ಚನೆಯ ಮಣ್ಣಿನಲ್ಲಿ ಸುಮಾರು ಒಂದು ತಿಂಗಳಿಗೆ ಒಂದು ತಲೆಮಾರು ಮುಗಿದು, ಒಂದೊಂದು ಹೆಣ್ಣೂ ನೂರಾರು ಮೊಟ್ಟೆಗಳನ್ನಿಡುತ್ತದೆ. ಮೇಲೆ ನೋಡುವವನಿಗೆ ಗಿಡ ಸ್ವಲ್ಪ ಹಳದಿಯಾಗಿದೆ, ಹೂಕಡ್ಡಿ ಕುಳ್ಳಾಗಿದೆ ಎಂದಷ್ಟೇ ತೋರುತ್ತದೆ. ಗೊಬ್ಬರ ಸಾಲದು ಎಂದು ಅವನು ಇನ್ನಷ್ಟು ಗೊಬ್ಬರ ಹಾಕುತ್ತಾನೆ. ಹಾಕಿದ ಗೊಬ್ಬರದ ಹಣವೂ ಗಂಟಿನೊಳಗೆ ಸೇರುತ್ತದೆ.

ನಮ್ಮ ಸೀಮೆಗೆ ಇದು ಮುಖ್ಯವಾಗುವುದು ಇನ್ನೊಂದು ಕಾರಣದಿಂದ. ಸುಗಂಧರಾಜದ ಬೇರಿನಲ್ಲಿ ಗಂಟುಕಟ್ಟುವ ಮೆಲಾಯ್ಡೊಗೈನ್ ಇನ್‌ಕಾಗ್ನಿಟ ಎಂಬ ಜಂತುವೇ ಶಿಡ್ಲಘಟ್ಟದ ಹಿಪ್ಪುನೇರಳೆ ತೋಟಕ್ಕೂ ಚಿಂತಾಮಣಿಯ ಟೊಮ್ಯಾಟೊ ತೋಟಕ್ಕೂ ಶತ್ರು. ಹೂ, ರೇಷ್ಮೆ, ತರಕಾರಿ ಎಂದು ನಾವು ಬೇರೆಬೇರೆಯಾಗಿ ಎಣಿಸುತ್ತೇವೆ. ಮಣ್ಣಿನೊಳಗಿನ ಹುಳುವಿಗೆ ಈ ಭೇದವಿಲ್ಲ. ಟೊಮ್ಯಾಟೊ ಕಿತ್ತ ಹೊಲಕ್ಕೆ ಸುಗಂಧರಾಜ, ಸುಗಂಧರಾಜ ಕಿತ್ತ ಹೊಲಕ್ಕೆ ಹಿಪ್ಪುನೇರಳೆ ಹಾಕಿದರೆ ಬೆಳೆ ಬದಲಾಯಿಸಿದಂತೆ ನಮಗೆ ತೋರಬಹುದು. ಹುಳುವಿಗೆ ಮಾತ್ರ ಊಟ ತಪ್ಪಲಿಲ್ಲ. ಹಾಗೆಯೇ ಬೇರುಗಂಟಿರುವ ತೋಟದಿಂದ ಮಣ್ಣಿನ ಸಮೇತ ತಂದ ಗಡ್ಡೆ ಹೂವಿನ ಹೊಲವನ್ನು ಕೆಡಿಸಿದ ಮೇಲೆ, ಹರಿಯುವ ನೀರು ಮತ್ತು ಗುದ್ದಲಿ ನೇಗಿಲುಗಳ ಮೂಲಕ ಪಕ್ಕದ ಹಿಪ್ಪುನೇರಳೆಗೂ ಹೋಗಬಲ್ಲದು.

ಇದಕ್ಕೆ ಪರಿಹಾರವೂ ನಮ್ಮ ಹೊಲಗಳಲ್ಲಿಯೇ ಇದೆ. ಹಬ್ಬಕ್ಕೆ ರಾಶಿರಾಶಿಯಾಗಿ ಬೆಳೆಯುವ ಚೆಂಡುಹೂವಿನ ಬೇರಿನಲ್ಲಿ ಈ ಜಂತುಗಳಿಗೆ ವಿಷವಾದ ಪದಾರ್ಥವಿದೆ. ಸುಗಂಧರಾಜಕ್ಕೆ ಮುಂಚೆ ಒಂದು ಫಸಲು ಚೆಂಡುಹೂ ಬೆಳೆದರೆ ಮಣ್ಣಿನಲ್ಲಿ ಜಂತುಗಳ ಸಂಖ್ಯೆ ತಗ್ಗುತ್ತದೆ, ಹೂವಿನ ಹಣವೂ ಬರುತ್ತದೆ. ಬೇವಿನ ಹಿಂಡಿ, ಹೊಂಗೆ ಹಿಂಡಿಗಳನ್ನು ಮಣ್ಣಿಗೆ ಸೇರಿಸುವುದೂ ಸಹಾಯಕ. ಹಿಂದೆ ಹೇಳಿದ ಶೃಂಗಾರ್ ತಳಿಗೆ ಬೇರುಗಂಟಿನ ಜಂತುವನ್ನು ತಡೆದುಕೊಳ್ಳುವ ಶಕ್ತಿಯಿದೆ; ಆದುದರಿಂದ ಜಂತು ಇರುವ ನೆಲಕ್ಕೆ ಅದನ್ನು ಆರಿಸುವುದು ಮೇಲು.

ಎಲೆ ಹೂಗಳಲ್ಲಿ ವಾಸಮಾಡುವ ಇನ್ನೊಂದು ಜಂತುವಿದೆ. ಭತ್ತದ ಎಲೆಯ ತುದಿಯನ್ನು ಬೆಳ್ಳಗಾಗಿಸುವ ಜಂತುವೇ ಇದು. ಪಶ್ಚಿಮ ಬಂಗಾಳದ ರಾಣಾಘಾಟ್ ಸುತ್ತಿನ ರಜನೀಗಂಧ ತೋಟಗಳಲ್ಲಿ ಇದರ ಹಾವಳಿ ಪ್ರಸಿದ್ಧವಾದುದು. ಹೂಕಡ್ಡಿ ಒರಟಾಗಿ ಸೊಟ್ಟಗಾಗುತ್ತದೆ, ಮೊಗ್ಗು ಅರಳದೆ ಕಂದುಗಟ್ಟಿ ಒಣಗುತ್ತದೆ. ಒಣಗಿದ ಗಿಡದ ಚೂರುಗಳಲ್ಲಿ ಇದು ಸತ್ತಂತೆ ಬಿದ್ದಿದ್ದು, ತೇವ ಸೋಕಿದೊಡನೆ ಎಚ್ಚರಗೊಳ್ಳುತ್ತದೆ. ಗಡ್ಡೆ ದೂರದಿಂದ ಬರುವಾಗ ಇದೂ ಜೊತೆಯಲ್ಲಿ ಪ್ರಯಾಣ ಮಾಡಬಹುದು.

ಗಡ್ಡೆಯೊಳಗಿನ ಜಂತುವನ್ನು ಕೊಲ್ಲುವ ಹಳೆಯ ಉಪಾಯ ಬಿಸಿನೀರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಡ್ಯಾಫೊಡಿಲ್ ಗಡ್ಡೆಗಳು ಜಂತುವಿನಿಂದ ನಾಶವಾಗುತ್ತಿದ್ದಾಗ ವಿಸ್ಲಿ ತೋಟದಲ್ಲಿ ರ್ಯಾಮ್ಸ್‌ಬಾಟಮ್ ಎಂಬ ತರುಣನು ಗಡ್ಡೆಗಳನ್ನು 110 ಡಿಗ್ರಿ ಫ್ಯಾರನ್‌ಹೀಟ್ ಶಾಖದ ನೀರಿನಲ್ಲಿ ಸುಮಾರು ಮೂರು ಗಂಟೆ ಇಟ್ಟರೆ ಹುಳು ಸಾಯುತ್ತದೆ, ಗಡ್ಡೆ ಉಳಿಯುತ್ತದೆ ಎಂದು ತೋರಿಸಿದನು. ಆ ನಾಡಿನ ಹೂವಿನ ವ್ಯಾಪಾರ ಅದರಿಂದ ಉಳಿಯಿತು. ಇದರ ಮರ್ಮವೆಲ್ಲ ಶಾಖದ ಅಳತೆಯಲ್ಲಿದೆ. ಸ್ವಲ್ಪ ಕಡಿಮೆಯಾದರೆ ಹುಳುವಿಗೆ ಸ್ನಾನಮಾಡಿಸಿದಂತೆ. ಸ್ವಲ್ಪ ಹೆಚ್ಚಾದರೆ ಗಡ್ಡೆಯನ್ನು ಬೇಯಿಸಿದಂತೆ. ಗಿಡದ ಜಾತಿಗೆ ತಕ್ಕಂತೆ ಶಾಖವೂ ಹೊತ್ತೂ ಬೇರೆಬೇರೆ. ಆದುದರಿಂದ ಉಷ್ಣಮಾಪಕವಿಲ್ಲದೆ, ತಿಳಿದವರ ಸಲಹೆಯಿಲ್ಲದೆ ಇದಕ್ಕೆ ಕೈಹಾಕಕೂಡದು. ಚಿಂತಾಮಣಿಯ ಕುರುಬೂರಿನಲ್ಲಿ ಕೃಷಿ ವಿಜ್ಞಾನ ಕೇಂದ್ರವಿರುವುದು ನಮ್ಮವರಿಗೆ ಒಂದು ಅನುಕೂಲ.

ಮದ್ದಿಲ್ಲದ ಬೇನೆ, ಮೈಮೇಲೆ ಬರುವ ಹುಳು

ಶಿಲೀಂಧ್ರಕ್ಕೆ ಔಷಧಿಯಿದೆ, ಜಂತುವಿಗೆ ಉಪಾಯವಿದೆ. ವೈರಸ್ ಹೊಕ್ಕ ಗಿಡಕ್ಕೆ ಹೊಲದಲ್ಲಿ ಮಾಡಬಹುದಾದ ಚಿಕಿತ್ಸೆಯಿಲ್ಲ. ಲಿಲ್ಲಿಯ ಎಲೆಯಲ್ಲಿ ತಿಳಿಹಸುರು ಪಟ್ಟೆಗಳು ಬಿದ್ದು ಹೂವು ಸೊಟ್ಟಗಾದರೆ ಇದರ ಗುರುತು. ಸಸ್ಯಹೇನುಗಳು ಒಂದರಿಂದ ಇನ್ನೊಂದಕ್ಕೆ ಹರಡುತ್ತವೆ. ಹಾಲೆಂಡಿನಲ್ಲಿ 1630ರ ದಶಕದಲ್ಲಿ ಜನ ಅಪಾರ ಬೆಲೆ ಕೊಟ್ಟು ಕೊಂಡ ಪಟ್ಟೆಯ ಟ್ಯುಲಿಪ್ ಹೂಗಳ ಸೊಬಗಿಗೆ ಕಾರಣವಾಗಿದ್ದುದೂ ಇಂಥ ವೈರಸ್ಸೇ. ಅವರು ಅಷ್ಟೊಂದು ಬೆಲೆ ಕೊಟ್ಟದ್ದು ರೋಗಕ್ಕೆ ಎಂಬುದು ಸುಮಾರು ಮುನ್ನೂರು ವರ್ಷಗಳ ಮೇಲೆ ತಿಳಿಯಿತು. ಇಂಥ ಗಿಡವನ್ನು ಕನಿಕರವಿಲ್ಲದೆ ಕಿತ್ತು ಸುಡಬೇಕು. ಅದರ ಗಡ್ಡೆಯನ್ನು ಉಳಿಸಿಕೊಂಡರೆ ಮುಂದಿನ ವರ್ಷ ರೋಗವನ್ನೇ ನೆಟ್ಟಂತೆ.

ಜೇಡಲಿಲ್ಲಿ, ಗೌರಿ ಹೂವು ಮೊದಲಾದುವಕ್ಕೆ ಲಿಲ್ಲಿ ಪತಂಗದ ಹುಳು ಬರುತ್ತದೆ. ಕಪ್ಪು ಮೈಮೇಲೆ ಬಿಳಿ ಮತ್ತು ಕೆಂಪು ಚುಕ್ಕೆಗಳ ಈ ಕಂಬಳಿಯಿಲ್ಲದ ಹುಳು ಗುಂಪಾಗಿ ಬಂದು ಎಲೆಗಳನ್ನು ಬುಡದವರೆಗೆ ತಿನ್ನುತ್ತದೆ. ಮನೆಯ ತೋಟದಲ್ಲಿ ಕೈಯಿಂದ ಆರಿಸಿ ತೆಗೆದರೆ ಸಾಕು. ಹೊಲದಲ್ಲಿ ಕೀಟನಾಶಕ ಸಿಂಪಡಿಸುವವರು ಒಂದು ಮಾತನ್ನು ನೆನೆಯಬೇಕು: ರೇಷ್ಮೆಹುಳುವೂ ಹುಳುವೇ. ಹೂವಿಗೆ ಹೊಡೆದ ಔಷಧಿ ಗಾಳಿಯಲ್ಲಿ ತೇಲಿ ಪಕ್ಕದವರ ಹಿಪ್ಪುನೇರಳೆ ಸೊಪ್ಪಿನ ಮೇಲೆ ಬಿದ್ದರೆ ಅವರ ಮನೆಯ ತಟ್ಟೆಗಳಲ್ಲಿರುವ ಹುಳುಗಳೆಲ್ಲ ಸಾಯುತ್ತವೆ. ಶಿಡ್ಲಘಟ್ಟದ ಕಡೆ ನೆರೆಹೊರೆಯವರ ಜಗಳಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಗಡ್ಡೆ ಅಗೆಯುವ ಕಾಲ

ಹೂವಿನ ಕಾಲ ಮುಗಿದ ಮೇಲೂ ಎಲೆಗಳು ಹಸುರಾಗಿರುವಷ್ಟು ದಿನ ಗಡ್ಡೆಗೆ ಆಹಾರ ಇಳಿಯುತ್ತಲೇ ಇರುತ್ತದೆ. ಆದುದರಿಂದ ಹೂ ನಿಂತಿತೆಂದು ಒಡನೆಯೇ ಅಗೆಯುವುದು ತಪ್ಪು. ನಮ್ಮ ಸೀಮೆಯ ಹವೆ ಹಿತವಾದುದರಿಂದ ನೀರು ಕೊಡುತ್ತಿರುವವರೆಗೆ ಸುಗಂಧರಾಜ ತಾನಾಗಿ ನಿದ್ರೆಗೆ ಹೋಗುವುದಿಲ್ಲ. ನಾವೇ ನೀರನ್ನು ನಿಲ್ಲಿಸಬೇಕು. ಎಲೆ ಹಳದಿಯಾಗಿ ಒಣಗಿದಾಗ ಗಡ್ಡೆ ಬಲಿಯಿತೆಂದು ತಿಳಿಯಬೇಕು. ಎಲೆಯನ್ನು ನೆಲದ ಮಟ್ಟಕ್ಕೆ ಕೊಯ್ದು, ಮಣ್ಣು ಒಣಗಿರುವಾಗ ಬುಡದಿಂದ ಸ್ವಲ್ಪ ದೂರದಲ್ಲಿ ಗುದ್ದಲಿ ಇಳಿಸಿ ಗುಂಪನ್ನು ಇಡಿಯಾಗಿ ಎತ್ತಬೇಕು. ಗುದ್ದಲಿ ತಾಕಿದ ಗಡ್ಡೆಯನ್ನು ಆಗಲೇ ಬೇರೆಯಾಗಿಡತಕ್ಕದ್ದು. ಗಾಯವೇ ಕೊಳೆತಕ್ಕೆ ಹೆಬ್ಬಾಗಿಲು.

ಅನಂತರ ಮಣ್ಣನ್ನು ಉದುರಿಸಿ, ಬೇರನ್ನು ಕತ್ತರಿಸಿ, ಗಡ್ಡೆಗಳನ್ನು ಬಿಡಿಸಿ ಮೂರು ಪಾಲು ಮಾಡಬೇಕು. ಎರಡರಿಂದ ಮೂರು ಸೆಂಟಿಮೀಟರ್ ದಪ್ಪವಿರುವ, ಇನ್ನೂ ಹೂಬಿಡದ ಕದಿರಿನಾಕಾರದ ಗಡ್ಡೆಗಳು ಮೊದಲನೆಯ ಪಾಲು. ಇವು ನೆಟ್ಟ ಫಸಲಿನಲ್ಲಿಯೇ ಹೂ ಕೊಡುತ್ತವೆ. ಸಣ್ಣ ಮರಿಗಳು ಎರಡನೆಯ ಪಾಲು. ಇವನ್ನು ಬೇರೆ ಮಡಿಯಲ್ಲಿ ಬೆಳೆಸಿ ದಪ್ಪವಾಗಿಸಬೇಕು. ಮೆತ್ತಗಾದುವು, ಚುಕ್ಕೆಬಿದ್ದುವು, ಬುಡದ ಬಿಲ್ಲೆ ಕಂದಾದುವು ಮೂರನೆಯ ಪಾಲು, ಇದನ್ನು ಸುಡಬೇಕು. ಕಷ್ಟವಾದ ಕೆಲಸವೆಂದರೆ ಈ ಮೂರನೆಯ ಪಾಲನ್ನು ಸುಡುವುದೇ. 'ಇರಲಿ, ಬಂದರೆ ಬರಲಿ' ಎಂಬ ಆಸೆಯಿಂದ ಒಂದು ಮಂಕರಿ ಗಡ್ಡೆಯನ್ನು ಉಳಿಸಿ ಒಂದು ಎಕರೆಯನ್ನು ಕಳೆದುಕೊಳ್ಳುವುದುಂಟು.

ಗೌರಿ ಹೂವಿನ ಗಡ್ಡೆಯ ವಿಷಯದಲ್ಲಿ ಎರಡು ಎಚ್ಚರಿಕೆಗಳು ಬೇಕು. ಅದರ ಮೊಳಕೆಯ ಕಣ್ಣು ಗಡ್ಡೆಯ ತುದಿಯಲ್ಲಿ ಮಾತ್ರ ಇರುವುದರಿಂದ ತುದಿ ಮುರಿದರೆ ಗಡ್ಡೆ ವ್ಯರ್ಥ. ಅದರಲ್ಲಿ ಕಾಲ್ಚಿಸೀನ್ ಎಂಬ ಘೋರ ವಿಷವಿರುವುದರಿಂದ, ಗೆಣಸೆಂದು ಭ್ರಮಿಸುವ ಮಕ್ಕಳ ಕೈಗೆ ಸಿಕ್ಕದಂತೆ ಇಡಬೇಕು.

ಕಾಪಿಡುವ ಕ್ರಮ

ಗಡ್ಡೆ ಅಟ್ಟದ ಮೇಲೆ ಬಿದ್ದಿರುವ ಜಡವಸ್ತುವಲ್ಲ. ಅದು ಉಸಿರಾಡುತ್ತದೆ, ಉಸಿರಾಡಿದಾಗ ಶಾಖವೂ ತೇವವೂ ಹೊರಬರುತ್ತವೆ. ದೊಡ್ಡ ರಾಶಿಯ ನಡುವೆ ಕೈಯಿಟ್ಟರೆ ಬೆಚ್ಚಗಿರುವುದು ಇದರಿಂದಲೇ. ಆ ಬೆಚ್ಚನೆಯ ತೇವದಲ್ಲಿ ಕೊಳೆತ ಮೊದಲಾಗುತ್ತದೆ.

ನಮ್ಮ ಮನೆಗಳಲ್ಲಿರುವ ಗಡ್ಡೆಗಳನ್ನೇ ಹೋಲಿಸಿ ನೋಡಬಹುದು. ಈರುಳ್ಳಿಗೆ ಒಣಗಾಳಿ ಬೇಕು. ಕುತ್ತಿಗೆ ಚೆನ್ನಾಗಿ ಒಣಗದಿದ್ದರೆ ಕೊಳೆಯುತ್ತದೆ. ನಮ್ಮ ಕಡೆಯ ಗುಲಾಬಿ ಈರುಳ್ಳಿ ಬೆಳೆದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಆಲೂಗೆಡ್ಡೆಗೆ ಕತ್ತಲೆ ಬೇಕು. ಬೆಳಕು ತಗುಲಿದರೆ ಹಸುರಾಗಿ ವಿಷವಾಗುತ್ತದೆ. ಹೊದಿಕೆಯಿಲ್ಲದ ನಿಜವಾದ ಲಿಲ್ಲಿಗಾದರೋ ತಣ್ಣನೆಯ ತೇವ ಬೇಕು. ಹಾಲೆಂಡಿನಲ್ಲಿ ಅದನ್ನು ಒದ್ದೆಯಾದ ಪೀಟ್ ಎಂಬ ಸಸ್ಯಗೊಬ್ಬರದಲ್ಲಿ ಹುದುಗಿಸಿ ಸೊನ್ನೆಗಿಂತ ಒಂದೆರಡು ಡಿಗ್ರಿ ಸೆಲ್ಸಿಯಸ್ ಕೆಳಗೆ ತಿಂಗಳುಗಟ್ಟಲೆ ಇಡುತ್ತಾರೆ. ಅಂಥ ಗಡ್ಡೆಯನ್ನು ತರಿಸಿ ನೆರಳುಮನೆಯಲ್ಲಿ ಬೆಳೆಯುವವರು ಪೆಟ್ಟಿಗೆ ಬಂದೊಡನೆ ನೆಡಬೇಕೇ ಹೊರತು ಈರುಳ್ಳಿಯಂತೆ ಗಾಳಿಗೆ ಹರಡಬಾರದು. ಒಮ್ಮೆ ಕರಗಿದುದನ್ನು ಮತ್ತೆ ಹೆಪ್ಪುಗಟ್ಟಿಸಲೂಬಾರದು.

ಸುಗಂಧರಾಜಕ್ಕೆ ಒಣನೆರಳು ಬೇಕು. ಗಾಳಿಯಾಡುವ ಕೊಟ್ಟಿಗೆಯಲ್ಲಿಯೋ ಹಜಾರದಲ್ಲಿಯೋ ನೆಲಕ್ಕೆ ತಾಗದಂತೆ ಬಿದಿರ ತಟ್ಟಿಯ ಮೇಲೆ ತೆಳುವಾಗಿ ಹರಡಿ, ಕೆಲವು ದಿನಗಳಿಗೊಮ್ಮೆ ತಿರುವಿ ಹಾಕಬೇಕು. ತಿರುವುವಾಗಲೆಲ್ಲ ಮೆತ್ತಗಾದುದನ್ನು ಆರಿಸಿ ಎಸೆಯಬೇಕು. ಬಿಸಿಲಿಗೆ ಹಾಕಬಾರದು, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬಾರದು. ನಾಲ್ಕರಿಂದ ಆರು ವಾರಗಳ ವಿಶ್ರಾಂತಿ ಕೊಟ್ಟ ಗಡ್ಡೆ ಒಂದೇ ಸಮನೆ ಮೊಳೆಯುತ್ತದೆ. ಶೀತಗೃಹದ ಅನುಕೂಲವಿದ್ದವರು 10 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ತಿಂಗಳು ಇಟ್ಟರೆ ಹೂವಿನ ಇಳುವರಿಯೂ ಹೆಚ್ಚುತ್ತದೆ. ಇನ್ನೊಂದು ಸಣ್ಣ ವಿಷಯ: ಹಣ್ಣಾಗುತ್ತಿರುವ ಮಾವಿನ ಜೊತೆ ಒಂದೇ ಕೋಣೆಯಲ್ಲಿ ಹೂಗಡ್ಡೆಗಳನ್ನು ಇಡದಿರುವುದು ಮೇಲು. ಹಣ್ಣಿನಿಂದ ಹೊರಡುವ ಎಥಿಲೀನ್ ಎಂಬ ಅನಿಲವು ಟ್ಯುಲಿಪ್ ಮೊದಲಾದ ಗಡ್ಡೆಗಳ ಒಳಗಿರುವ ಎಳೆಯ ಮೊಗ್ಗನ್ನು ಕೊಲ್ಲುವುದೆಂದು ಕಂಡುಬಂದಿದೆ.

ಕೊಡುಕೊಳ್ಳುವವರ ಹೊಣೆ

1845ರಲ್ಲಿ ಐರ್ಲೆಂಡಿನ ಆಲೂಗೆಡ್ಡೆಯನ್ನು ಹಾಳುಮಾಡಿ ಲಕ್ಷಾಂತರ ಜನರನ್ನು ಹಸಿವಿಗೆ ನೂಕಿದ ಅಂಗಮಾರಿ ರೋಗವು ಸಮುದ್ರವನ್ನು ದಾಟಿ ಬಂದದ್ದು ಗಡ್ಡೆಗಳೊಡನೆಯೇ ಎಂದು ವಿದ್ವಾಂಸರು ಹೇಳುತ್ತಾರೆ. ನಮಗೆ ಇನ್ನೂ ಹತ್ತಿರದ ದೃಷ್ಟಾಂತವಿದೆ. 1961ರಲ್ಲಿ ಉದಕಮಂಡಲದಲ್ಲಿ ಆಲೂಗೆಡ್ಡೆಯ ಕೋಶಜಂತು ಕಂಡುಬಂದಿತು. ಮಣ್ಣು ಅಂಟಿದ ಬಿತ್ತನೆಗಡ್ಡೆಯ ಮೂಲಕ ಅದು ಹರಡುವುದರಿಂದ ನೀಲಗಿರಿಯ ಬಿತ್ತನೆಗಡ್ಡೆಯನ್ನು ಹೊರಗೆ ಸಾಗಿಸುವುದಕ್ಕೆ ಸರ್ಕಾರ ಪ್ರತಿಬಂಧ ಹಾಕಬೇಕಾಯಿತು. ಹೊರದೇಶದಿಂದ ಬರುವ ಗಡ್ಡೆಗಳನ್ನು ಬಂದರಿನಲ್ಲಿಯೇ ತಡೆದು ಪರೀಕ್ಷಿಸುವ ಕಾನೂನೂ ನಮ್ಮ ದೇಶದಲ್ಲಿದೆ. ಅದರ ಬುಡ 1914ರ ಕಾಯಿದೆಯಲ್ಲಿದೆ.

ಆದರೆ ಒಂದು ಹಳ್ಳಿಯಿಂದ ಇನ್ನೊಂದು ಹಳ್ಳಿಗೆ ಗೋಣಿಚೀಲದಲ್ಲಿ ಹೋಗುವ ಗಡ್ಡೆಯನ್ನು ಪರೀಕ್ಷಿಸುವ ಬಂದರು ಯಾವುದೂ ಇಲ್ಲ. ನೆಂಟರಿಂದ ನೆಂಟರಿಗೆ, ಸ್ನೇಹಿತರಿಂದ ಸ್ನೇಹಿತರಿಗೆ ಸುಗಂಧರಾಜದ ಗಡ್ಡೆ ಹೀಗೆ ಸಾಗುತ್ತದೆ. ಕೊಡುವವನಿಗೆ ಕೆಟ್ಟ ಬುದ್ಧಿಯಿರುವುದಿಲ್ಲ, ಕೊಳ್ಳುವವನಿಗೆ ಸಂಶಯವಿರುವುದಿಲ್ಲ. ರೋಗಕ್ಕೆ ಈ ವಿಶ್ವಾಸವೇ ರಾಜಮಾರ್ಗ. ಇದನ್ನು ತಪ್ಪಿಸಲು ಹೆಚ್ಚು ಖರ್ಚೇನೂ ಇಲ್ಲ. ಗಡ್ಡೆಯನ್ನು ಮಂಡಿಯಲ್ಲಿ ನೋಡಿ ಕೊಳ್ಳುವ ಬದಲು ಹೂಬಿಡುತ್ತಿರುವಾಗಲೇ ಹೊಲಕ್ಕೆ ಹೋಗಿ ಗಿಡವನ್ನು ನೋಡಬೇಕು. ಒಂದೆರಡು ಗಿಡಗಳನ್ನು ಕಿತ್ತು ಬೇರಿನಲ್ಲಿ ಗಂಟುಗಳಿವೆಯೇ ಎಂದು ಪರೀಕ್ಷಿಸಬೇಕು. ತಂದ ಗಡ್ಡೆಗೆ ಅಂಟಿದ ಮಣ್ಣನ್ನು ಹೊಲಕ್ಕೆ ಸೇರಿಸಬಾರದು. ಮೊದಲ ವರ್ಷ ಒಂದು ಸಣ್ಣ ಮಡಿಯಲ್ಲಿ ಬೇರೆಯಾಗಿ ನೆಟ್ಟು, ಅದರ ನಡತೆ ನೋಡಿ, ಆಮೇಲೆ ಎಕರೆಗೆ ಹರಡಬೇಕು. ಮನೆಗೆ ಬರುವ ಹೊಸ ದನವನ್ನು ಕೆಲವು ದಿನ ಬೇರೆ ಕಟ್ಟುವ ರೂಢಿ ನಮ್ಮಲ್ಲಿದ್ದೇ ಇದೆ; ಗಡ್ಡೆಗೂ ಅದೇ ನ್ಯಾಯ.

ಹೊಲದಲ್ಲಿ ದುಡಿಯುವ ಹಿರಿಯರಿಗೆ ಬೂಷ್ಟಿನ ಬಣ್ಣ, ಎಲೆಯ ಸೊರಗು ನಮಗಿಂತ ಚೆನ್ನಾಗಿ ತಿಳಿದಿದೆ. ಅವರಿಗೆ ಕಾಣದಿರುವುದು ಸೂಕ್ಷ್ಮದರ್ಶಕದಡಿಯ ಹುಳು, ಪುಸ್ತಕದೊಳಗಿನ ಹೆಸರು ಮಾತ್ರ. ಕಾಲೇಜಿನ ವಿದ್ಯಾಭ್ಯಾಸ ಪಡೆದ ನಾವು ರಜೆಯಲ್ಲಿ ಊರಿಗೆ ಹೋದಾಗ ಸೊರಗಿದ ಒಂದು ಗಿಡವನ್ನು ಬೇರುಸಹಿತ ಕಿತ್ತು, ಗಂಟುಗಳನ್ನು ತೋರಿಸಿ, ಈ ನಾಲ್ಕು ಮಾತುಗಳನ್ನು ಮನೆಯವರೊಡನೆ ಆಡಿದರೆ, ಓದಿನ ಋಣದಲ್ಲಿ ಒಂದು ಸಣ್ಣ ಪಾಲನ್ನು ತೀರಿಸಿದಂತಾದೀತು.